ಲ್ಯಾಪ್‌ಟಾಪಿಗೆ ಬೆರಳಚ್ಚಿನ ಲಾಗಿನ್: ಒಂದು ವಾರದ ಕೆಲಸ, ಒಂದು ಅಕ್ಷರದ ತಪ್ಪು

"ಅಮ್ಮಾ, ನಿನ್ನ ಪಾಸ್‌ವರ್ಡ್ ನಂಗೊತ್ತು" ಅಂದಳು ಮಗಳು. ಅಂದವಳೇ ನನ್ನ ಲ್ಯಾಪ್‌ಟಾಪಿನ ಮುಂದೆ ಕೂತು ಟೈಪ್ ಮಾಡಿ ತೋರಿಸಿಬಿಟ್ಟಳು. ಎಂಟು ಅಕ್ಷರ, ಒಂದೂ ತಪ್ಪಿಲ್ಲ. ಅವಳಿಗಿನ್ನೂ ಒಂಬತ್ತು ವರ್ಷ. ದಿನಕ್ಕೆ ಮೂವತ್ತು ನಲವತ್ತು ಸಲ ನಾನು ಅದನ್ನೇ ಒತ್ತುವುದನ್ನು ಪಕ್ಕದಲ್ಲಿ ಕೂತು ನೋಡಿ ಕಲಿತಿದ್ದಳು.

ಪಾಸ್‌ವರ್ಡ್ ಅಷ್ಟು ಚಿಕ್ಕದಿದ್ದದ್ದೂ ಅದೇ ಕಾರಣಕ್ಕೆ. ನಲವತ್ತು ಸಲ ಒತ್ತಬೇಕಾದದ್ದನ್ನು ಯಾರೂ ಉದ್ದ ಇಟ್ಟುಕೊಳ್ಳುವುದಿಲ್ಲ. ಇನ್ನೂ ಕೆಟ್ಟ ಸಂಗತಿಯೆಂದರೆ ಡಿಸ್ಕ್ ಎನ್‌ಕ್ರಿಪ್ಷನ್ನಿಗೂ (ಡಿಸ್ಕಿನಲ್ಲಿರುವುದನ್ನು ಬೇರೆಯವರು ಓದಲಾಗದಂತೆ ಗುಪ್ತವಾಗಿಡುವ ಬೀಗಕ್ಕೂ) ನಾನು ಅದೇ ಎಂಟು ಅಕ್ಷರ ಕೊಟ್ಟಿದ್ದೆ. ಹಾಗಾಗಿ ಯೋಜನೆ ಹೀಗಾಯಿತು: ನಲವತ್ತು ಸಲದ ಕೆಲಸ ಬೆರಳಿಗೆ, ದಿನಕ್ಕೆ ಒಂದೆರಡು ಸಲದ ಕೆಲಸಕ್ಕೆ ನಿಜವಾಗಿಯೂ ಉದ್ದವಾದ ಪಾಸ್‌ವರ್ಡ್. ಬೆರಳಚ್ಚು ತಾನಾಗಿಯೇ ದೊಡ್ಡ ಭದ್ರತೆ ಕೊಡುತ್ತದೆ ಎಂದು ನಾನು ಈ ಕೆಲಸಕ್ಕೆ ಕೈ ಹಾಕಲಿಲ್ಲ. ಪಾಸ್‌ವರ್ಡನ್ನು ಉದ್ದ ಮಾಡಿಕೊಳ್ಳುವ ಧೈರ್ಯ ಅದರಿಂದ ಬರುತ್ತದೆ ಎಂದು ಹಾಕಿದೆ.

ಯಂತ್ರ: ಐದು ವರ್ಷ ಹಳೆಯ ಲ್ಯಾಪ್‌ಟಾಪ್. ಮೊದಲು ವಿಂಡೋಸ್ ಇತ್ತು, ಈಗ ಲಿನಕ್ಸಿನ ಒಂದು ಬಗೆಯಾದ ಡೆಬಿಯನ್, ಅದರ ಮೇಲೆ ಕಿಟಕಿ, ಮೆನು ತೋರಿಸುವ ಗ್ನೋಮ್. ಕೀಬೋರ್ಡಿನ ಬಲಗಡೆ ಕೆಳಗೆ ಚೌಕಾಕಾರದ ಬೆರಳಚ್ಚು ರೀಡರ್. ಸಲಕರಣೆ: ಲೈವ್ ಲಿನಕ್ಸ್ (ಪೆನ್‌ಡ್ರೈವಿನಿಂದಲೇ ಓಡುವ ಲಿನಕ್ಸ್) ಹಾಕಿದ ಒಂದು ಪೆನ್‌ಡ್ರೈವ್, ಖಾಲಿ ಪೆನ್‌ಡ್ರೈವ್ ಎರಡು, ಬ್ಯಾಕಪ್ ಡಿಸ್ಕ್, ಐದು ದಾಳ, ಒಂದು ದಪ್ಪ ಕನ್ನಡ ನಿಘಂಟು, ನೋಟ್‌ಬುಕ್, ಪೆನ್ಸಿಲ್.

ದಿನ 1, ಬೆಳಿಗ್ಗೆ: ಮುಖ

ಮೊದಲು ಪ್ರಯತ್ನಿಸಿದ್ದು ಮುಖ ಗುರುತಿಸುವ ಹೌಡಿ ಎಂಬ ತಂತ್ರಾಂಶ. ಇಪ್ಪತ್ತು ನಿಮಿಷದಲ್ಲಿ ಕೂತುಕೊಂಡಿತು, ನನ್ನನ್ನು ಕಂಡ ಕೂಡಲೇ ಬಾಗಿಲು ತೆರೆಯಿತು. ಮಗಳು ಫೋನಿನಲ್ಲಿದ್ದ ನನ್ನ ಫೋಟೋವನ್ನು ಕ್ಯಾಮೆರಾದ ಮುಂದೆ ಹಿಡಿದಳು. ಮೂರನೆಯ ಸಲ ಅದಕ್ಕೂ ತೆರೆಯಿತು. ಇದು ಪಾಸ್‌ವರ್ಡಿನಷ್ಟು ಸುರಕ್ಷಿತವಲ್ಲ, ಎಂದೂ ಆಗುವುದಿಲ್ಲ ಎಂದು ಅದನ್ನು ಮಾಡಿದವರೇ ಅದರ ವಿವರಣೆಯಲ್ಲಿ ಬರೆದಿದ್ದಾರೆ. ನಾನು ಅದನ್ನು ಇನ್‌ಸ್ಟಾಲ್ ಮಾಡಿದ ಮೇಲೆ ಓದಿದೆ. ನನ್ನದು ಮಾಮೂಲಿ ವೆಬ್‌ಕ್ಯಾಮ್, ಇನ್‌ಫ್ರಾರೆಡ್ ಇಲ್ಲ. ವಿಂಡೋಸ್‌ನಲ್ಲಿ ಮುಖ, ಬೆರಳು ನೋಡಿ ಒಳಗೆ ಬಿಡುವ ವಿಂಡೋಸ್ ಹಲೋ, ಮುಖಕ್ಕೆ ಇನ್‌ಫ್ರಾರೆಡ್ ಕ್ಯಾಮೆರಾ ಬೇಕೇ ಬೇಕು ಅನ್ನುವುದು ಇದೇ ಕಾರಣಕ್ಕೆ. ಪೂರ್ತಿ ತೆಗೆದುಹಾಕಿದೆ.

ದಿನ 1, ಸಂಜೆ: ರೀಡರ್

ಎಲ್‌ಎಸ್‌ಯುಎಸ್‌ಬಿ ಕಮಾಂಡ್ ಕೊಟ್ಟು ರೀಡರಿನ ಗುರುತು ಸಂಖ್ಯೆ ಬರೆದುಕೊಂಡೆ. ತಯಾರಕರಿಗೆ ನಾಲ್ಕು ಅಂಕಿ, ಮಾದರಿಗೆ ನಾಲ್ಕು ಅಂಕಿ. ಲಿನಕ್ಸ್‌ನಲ್ಲಿ ಬೆರಳಚ್ಚು ರೀಡರುಗಳನ್ನು ನಡೆಸುವ ತಂತ್ರಾಂಶವಾದ ಲಿಬ್‌ಎಫ್‌ಪ್ರಿಂಟ್ ಪ್ರಕಟಿಸಿರುವ ಬೆಂಬಲಿತ ಸಾಧನಗಳ ಪಟ್ಟಿಯಲ್ಲಿ ಆ ಸಂಖ್ಯೆ ಸಿಕ್ಕಿತು. ನೀವೂ ಮೊದಲು ಮಾಡಬೇಕಾದ ಕೆಲಸ ಇದೇ. ಪಟ್ಟಿಯಲ್ಲಿ ಇಲ್ಲದ ರೀಡರಿನ ಜೊತೆ ಗುದ್ದಾಡಿ ಫಲವಿಲ್ಲ.

ಅದನ್ನು ಬಳಸಿ ಬೆರಳು ನೋಂದಾಯಿಸುವ, ಪರೀಕ್ಷಿಸುವ ಸೇವೆಯಾದ ಎಫ್‌ಪ್ರಿಂಟ್‌ಡಿ ಹಾಕಿಕೊಂಡು, ನೋಂದಣಿಯ ಎನ್‌ರೋಲ್ ಕಮಾಂಡ್ ಕೊಟ್ಟು, ಬೆರಳಿಟ್ಟೆ. ಈ ಬೆರಳು ಆಗಲೇ ನೋಂದಣಿಯಾಗಿದೆ ಎಂಬ ದೋಷ ಬಂತು. ಪಟ್ಟಿ ಕೇಳಿದರೆ ಯಾವ ಬೆರಳೂ ಇಲ್ಲ ಅನ್ನುತ್ತದೆ. ಒಂದು ಗಂಟೆ ಪ್ಯಾಕೇಜ್ ತೆಗೆದು ಹಾಕಿ, ತೆಗೆದು ಹಾಕಿ ಕಳೆದೆ. ಆಮೇಲೆ ಹೊಳೆಯಿತು. ಈ ರೀಡರ್ ಅಚ್ಚನ್ನು ತನ್ನದೇ ಚಿಪ್ಪಿನಲ್ಲಿ ಇಟ್ಟುಕೊಂಡು ಹೋಲಿಕೆಯನ್ನೂ ಅಲ್ಲೇ ಮಾಡುವ ಬಗೆಯದು. ವಿಂಡೋಸ್ ಕಾಲದಲ್ಲಿ ಕೊಟ್ಟ ಅಚ್ಚುಗಳು ಇನ್ನೂ ಅದರೊಳಗೆ ಕೂತಿವೆ. ಡಿಸ್ಕನ್ನು ನಾನು ಪೂರ್ತಿ ಅಳಿಸಿದ್ದೆ, ಚಿಪ್ಪನ್ನು ಅಲ್ಲ. ಬಯಾಸ್‌ಗೆ (ಲಿನಕ್ಸ್ ಏಳುವ ಮೊದಲೇ ತೆರೆಯುವ ಯಂತ್ರದ ಸೆಟ್ಟಿಂಗ್‌ಗೆ) ಹೋಗಿ, ಸೆಕ್ಯುರಿಟಿ ವಿಭಾಗದಲ್ಲಿ ಬೆರಳಚ್ಚು ಮಾಹಿತಿ ಅಳಿಸುವ ಆಯ್ಕೆ ಒತ್ತಿದ ಮೇಲೆ ನೋಂದಣಿ ಮುಂದುವರಿಯಿತು. ಹಳೆಯ ಲ್ಯಾಪ್‌ಟಾಪ್ ಮಾರುವವರು, ಯಾರಿಗಾದರೂ ಕೊಡುವವರು ದಯವಿಟ್ಟು ಇದನ್ನು ನೆನಪಿಡಿ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. 2015ರಲ್ಲಿ ಅಮೆರಿಕದ ಸರ್ಕಾರಿ ಸಿಬ್ಬಂದಿ ಕಚೇರಿಯಿಂದ 56 ಲಕ್ಷ ಜನರ ಬೆರಳಚ್ಚು ಕಳುವಾದಾಗ ಅವರಲ್ಲಿ ಯಾರಿಗೂ ಹೊಸ ಬೆರಳು ಸಿಗಲಿಲ್ಲ.

ನೋಂದಣಿಯಲ್ಲೂ ಮೊದಲ ಸಲ ತಪ್ಪು ಮಾಡಿದೆ. ಪ್ರತಿ ಸಲವೂ ಬೆರಳಿನ ನಡುಭಾಗವನ್ನೇ ನೇರವಾಗಿ, ನೀಟಾಗಿ ಒತ್ತಿದೆ. ಕೆಲಸದ ಮಧ್ಯೆ ಬೆರಳು ಹಾಗೆ ಬೀಳುವುದಿಲ್ಲ, ಓರೆಯಾಗಿ ಬೀಳುತ್ತದೆ. ಇಪ್ಪತ್ತು ಸಲ ಪರೀಕ್ಷಿಸಿದರೆ ಹನ್ನೊಂದು ಸಲ ಮಾತ್ರ ಒಪ್ಪಿತು. ಅಳಿಸಿ, ಎರಡನೆಯ ಸಲ ತುದಿ, ಎಡಬದಿ, ಬಲಬದಿ, ಸ್ವಲ್ಪ ತಿರುಗಿಸಿ, ಹಗುರವಾಗಿ, ಒತ್ತಿ, ಹೀಗೆ ಬೇರೆ ಬೇರೆಯಾಗಿ ಕೊಟ್ಟೆ. ಇಪ್ಪತ್ತಕ್ಕೆ ಹದಿನೆಂಟು. ಪಾತ್ರೆ ತೊಳೆದು ಬಂದ ಕೈಯಲ್ಲಿ ಇಪ್ಪತ್ತಕ್ಕೆ ಎಂಟು, ಅದಕ್ಕೆ ಒರೆಸಿಕೊಂಡು ಕಾಯುವುದೊಂದೇ ದಾರಿ. ಒಂದೇ ಬೆರಳನ್ನು ಎರಡು ಹೆಸರಿನಲ್ಲಿ ಕೊಡಲು ನೋಡಿದೆ, ಮತ್ತೆ ಅದೇ 'ಆಗಲೇ ಇದೆ' ಎಂಬ ಉತ್ತರ. ಕೊನೆಗೆ ಬಲಗೈ ನಡುಬೆರಳು, ಎಡಗೈ ತೋರುಬೆರಳು. ಎರಡು ಕೈಯಿಂದಲೂ ಒಂದೊಂದು ಇರಲಿ, ಒಂದಕ್ಕೆ ಗಾಯವಾದರೆ ಇನ್ನೊಂದಿರುತ್ತದೆ.

ದಿನ 2: ಬಾಗಿಲು ಹೊರಗಿನಿಂದ ಹಾಕಿಕೊಂಡದ್ದು

ಲಿನಕ್ಸ್‌ನಲ್ಲಿ ಯಾರನ್ನು ಒಳಗೆ ಬಿಡಬೇಕು ಎಂದು ತೀರ್ಮಾನಿಸುವುದು ಪ್ಯಾಮ್. ಡೆಬಿಯನ್‌ನಲ್ಲಿ ಪ್ಯಾಮ್-ಆಥ್-ಅಪ್‌ಡೇಟ್ ಕೊಟ್ಟು ಬೆರಳಚ್ಚಿನ ಸಾಲಿಗೆ ಗುರುತು ಹಾಕಿದರೆ ಲಾಗಿನ್, ಸುಡೋ (ಆಡಳಿತದ ಅಧಿಕಾರದಿಂದ ಕಮಾಂಡ್ ಓಡಿಸುವುದು), ಪರದೆ ಬೀಗ ಎಲ್ಲಕ್ಕೂ ಬೆರಳು ನಡೆಯುತ್ತದೆ. ಹಾಕಿದೆ. ಮಧ್ಯಾಹ್ನದ ಹೊತ್ತಿಗೆ ಮೂರು ತೊಂದರೆ ಬರೆದುಕೊಂಡೆ.

ಒಂದು, ಬೆರಳಿನಿಂದ ಲಾಗಿನ್ ಆದ ಮೇಲೂ ಕೀರಿಂಗ್ (ಉಳಿಸಿಟ್ಟ ಪಾಸ್‌ವರ್ಡ್‌ಗಳ ಪೆಟ್ಟಿಗೆ) ಪಾಸ್‌ವರ್ಡ್ ಕೇಳುತ್ತದೆ. ಕೀರಿಂಗ್ ಬಿಚ್ಚಿಕೊಳ್ಳುವುದು ಪಾಸ್‌ವರ್ಡಿನಿಂದ, ಬೆರಳು ಅದಕ್ಕೆ ಏನನ್ನೂ ಕೊಡುವುದಿಲ್ಲ. ಎರಡು, ಮುಚ್ಚಳ ಹಾಕಿ ದೊಡ್ಡ ಪರದೆಗೆ ಜೋಡಿಸಿಕೊಂಡಾಗ ಸುಡೋ ಕೊಟ್ಟರೆ ಕೈಗೆಟುಕದ ರೀಡರಿಗಾಗಿ ಹತ್ತು ಸೆಕೆಂಡ್ ಸುಮ್ಮನೆ ಕಾಯುತ್ತದೆ. ಮೂರನೆಯದು ನನ್ನನ್ನು ನಿಜವಾಗಿ ಹೆದರಿಸಿತು. ಒಂದು ಟರ್ಮಿನಲ್ಲಿನಲ್ಲಿ ಸ್ಕ್ರಿಪ್ಟ್ ಓಡುತ್ತಿತ್ತು. ನಾನು ಬೇರೆ ಕಿಟಕಿಯಲ್ಲಿದ್ದೆ, ಏನೋ ಬೆರಳು ಕೇಳಿತು, ಇಟ್ಟೆ. ಇಟ್ಟ ಮೇಲೆ ನೋಡಿದರೆ ಅದು ಸ್ಕ್ರಿಪ್ಟಿನೊಳಗಿನ ಸುಡೋ. ಏನಕ್ಕೆ ಒಪ್ಪಿಗೆ ಕೊಡುತ್ತಿದ್ದೇನೆ ಎಂದು ಓದದೆ ಒಪ್ಪಿದ್ದೆ. ಪಾಸ್‌ವರ್ಡ್ ಟೈಪ್ ಮಾಡುವಾಗ ಕಣ್ಣು ಆ ಸಾಲಿನ ಮೇಲೆ ಇದ್ದೇ ಇರುತ್ತದೆ. ಬೆರಳಿಗೆ ಅಷ್ಟು ಗಮನ ಬೇಡ.

ಹಾಗಾದರೆ ಎರಡೂ ಬೇಕು ಎಂದು ಮಾಡೋಣ, ಬೆರಳೂ ಪಾಸ್‌ವರ್ಡೂ, ಎಂದುಕೊಂಡೆ. ಪ್ಯಾಮ್‌ನ ಸಾಮಾನ್ಯ ನಿಯಮಗಳಿರುವ ಕಾಮನ್-ಆಥ್ ಕಡತದ ನಕಲು ಮಾಡಿಟ್ಟು, ಮೊದಲ ಸಾಲಿನಲ್ಲಿ ಬೆರಳಚ್ಚಿನ ಮಾಡ್ಯೂಲನ್ನು 'ರಿಕ್ವೈರ್ಡ್' (ಕಡ್ಡಾಯ) ಎಂದು ಕೈಯಾರೆ ಬರೆದೆ. ಉಳಿಸಿದೆ. ಟರ್ಮಿನಲ್ ಮುಚ್ಚಿದೆ.

ಮಾಡ್ಯೂಲಿನ ಹೆಸರು ಪ್ಯಾಮ್-ಎಫ್‌ಪ್ರಿಂಟ್‌ಡಿ. ನಾನು ಬರೆದದ್ದು ಪ್ಯಾಮ್-ಎಫ್‌ಪ್ರಿಂಟ್. ಕೊನೆಯ 'ಡಿ' ಬಿಟ್ಟುಹೋಗಿತ್ತು.

ಇಲ್ಲದ ಮಾಡ್ಯೂಲನ್ನು ಕಡ್ಡಾಯ ಮಾಡಿದರೆ ಪ್ಯಾಮ್ ಯಾರನ್ನೂ ಬಿಡುವುದಿಲ್ಲ. ಸರಿಯಾದ ಪಾಸ್‌ವರ್ಡಿಗೂ ಸುಡೋ ಇಲ್ಲ ಅಂದಿತು. ಮಾಡಿಟ್ಟ ನಕಲು ಅಲ್ಲೇ ಇದೆ, ಅದನ್ನು ಜಾಗಕ್ಕೆ ಹಾಕಲು ರೂಟ್ (ಎಲ್ಲ ಅಧಿಕಾರವುಳ್ಳ ಬಳಕೆದಾರ) ಬೇಕು, ರೂಟ್ ಆಗಲು ಅದೇ ಬಾಗಿಲು ದಾಟಬೇಕು. ರೀಬೂಟ್ ಮಾಡಿದೆ. ಲಾಗಿನ್ ಪರದೆಯಲ್ಲೂ ಪಾಸ್‌ವರ್ಡ್ ತಿರಸ್ಕಾರ. ಕೈ ತಣ್ಣಗಾಯಿತು. ಏನೂ ತೋಚದೆ ಬೆರಳಿಟ್ಟೆ. ಒಳಗೆ ಬಿಟ್ಟಿತು! ಆದರೆ ಒಳಗೆ ಹೋದರೂ ಸುಡೋ ಇಲ್ಲ, ಹಾಗಾಗಿ ದುರಸ್ತಿಯೂ ಇಲ್ಲ.

ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿದೆ. ಎನ್‌ಕ್ರಿಪ್ಷನ್ ನಿಭಾಯಿಸುವ ಕ್ರಿಪ್ಟ್‌ಸೆಟಪ್‌ನಿಂದ ಡಿಸ್ಕಿನ ಬೀಗ ತೆಗೆದು ಮೌಂಟ್ ಮಾಡಿದರೆ (ಕಡತ ಓದಲು ಜೋಡಿಸಿಕೊಂಡರೆ) ಗೊತ್ತಿಲ್ಲದ ಕಡತ ವ್ಯವಸ್ಥೆ ಎಂಬ ದೋಷ. ಒಳಗೆ ಎಲ್‌ವಿಎಂ (ಡಿಸ್ಕನ್ನು ವಿಭಾಗಗಳಾಗಿ ಹಂಚುವ ಪದರ) ಇದೆ, ಅದನ್ನು ಮೊದಲು ವಿಜಿಚೇಂಜ್ ಕೊಟ್ಟು ಎಬ್ಬಿಸಬೇಕು. ಇದು ನೆನಪಾಗುವಷ್ಟರಲ್ಲಿ ಮುಕ್ಕಾಲು ಗಂಟೆ. ಎಬ್ಬಿಸಿ, ರೂಟ್ ವಿಭಾಗ ಮೌಂಟ್ ಮಾಡಿ, ನಕಲನ್ನು ಮೂಲದ ಜಾಗಕ್ಕೆ ಹಾಕಿ, ರೀಬೂಟ್. ಒಟ್ಟು ಎರಡು ಗಂಟೆ ನಲವತ್ತು ನಿಮಿಷ.

ಪ್ಯಾಮ್ ಕಡತಗಳಿಗೆ ಕೈ ಹಾಕುವ ಮೊದಲು ಒಂದು ಟರ್ಮಿನಲ್ಲಿನಲ್ಲಿ ರೂಟ್ ಆಗಿ ಕೂರಿ. ಬದಲಾವಣೆಯನ್ನು ಇನ್ನೊಂದು ಟರ್ಮಿನಲ್ಲಿನಲ್ಲಿ ಪರೀಕ್ಷಿಸಿ. ಅಲ್ಲಿ ಸುಡೋ, ಲಾಗಿನ್, ಪರದೆ ಬೀಗ ಮೂರೂ ಸರಿಯಾಗುವವರೆಗೆ ಮೊದಲನೆಯದನ್ನು ಮುಚ್ಚಬೇಡಿ. ಈ ಬರಹದಲ್ಲಿ ಇನ್ಯಾವುದನ್ನು ಮರೆತರೂ ಇದನ್ನು ಮರೆಯಬೇಡಿ.

ದಿನ 3: ಬೆರಳಿಗೆ ಒಂದೇ ಬಾಗಿಲು

ರಾತ್ರಿಯೆಲ್ಲ ಕೊರೆದದ್ದು ಒಂದೇ ಪ್ರಶ್ನೆ. ಕಾಮನ್-ಆಥ್ ಕೆಟ್ಟಿದ್ದಾಗಲೂ ಬೆರಳು ಹೇಗೆ ಕೆಲಸ ಮಾಡಿತು? ಬೆಳಿಗ್ಗೆ ಪ್ಯಾಮ್ ಫೋಲ್ಡರ್ ಪೂರ್ತಿ ಓದಿದೆ. ಗ್ನೋಮ್‌ನ ಲಾಗಿನ್ ವ್ಯವಸ್ಥೆಯಾದ ಜಿಡಿಎಂಗೆ ಬೆರಳಿಗೇ ಪ್ರತ್ಯೇಕ ಕಡತವಿದೆ, ಅದು ಕಾಮನ್-ಆಥ್ ಅನ್ನು ಮುಟ್ಟುವುದೇ ಇಲ್ಲ. ಅಂದರೆ ನಿನ್ನೆ ಪ್ಯಾಮ್-ಆಥ್-ಅಪ್‌ಡೇಟ್‌ನಲ್ಲಿ ಹಾಕಿದ ಗುರುತೇ ಅನಗತ್ಯವಾಗಿತ್ತು. ನನಗೆ ಬೇಕಿದ್ದ ಪರದೆ ಬೀಗಕ್ಕೆ ಬೆರಳು ನೋಂದಾಯಿಸಿದರೆ ಸಾಕು.

ಗುರುತು ತೆಗೆದೆ. ಸುಡೋ ಮತ್ತೆ ಪಾಸ್‌ವರ್ಡಿಗೆ ಮಾತ್ರ. ಉಳಿದದ್ದು ಬೂಟ್ ಆದ ಮೇಲಿನ ಮೊದಲ ಲಾಗಿನ್, ಅಲ್ಲಿ ಬೆರಳು ನಡೆಯಬಾರದು. ಜಿಡಿಎಂ3 ಫೋಲ್ಡರಿನಲ್ಲಿ ಗ್ರೀಟರಿನ, ಅಂದರೆ ಲಾಗಿನ್ ಪರದೆಯ, ಸೆಟ್ಟಿಂಗ್ ಇರುವ ಡಿಕಾನ್ಫ್ ಕಡತವಿದೆ. ಅದರ ಲಾಗಿನ್-ಸ್ಕ್ರೀನ್ ಭಾಗದಲ್ಲಿ 'ಎನೇಬಲ್-ಫಿಂಗರ್‌ಪ್ರಿಂಟ್-ಆಥೆಂಟಿಕೇಶನ್' ಎಂಬುದಕ್ಕೆ 'ಫಾಲ್ಸ್' ಕೊಟ್ಟು ರೀಬೂಟ್ ಮಾಡಿದೆ. ಈಗ ಮೊದಲ ಲಾಗಿನ್‌ಗೆ ಪಾಸ್‌ವರ್ಡ್ ಮಾತ್ರ. ಅದರಿಂದ ಕೀರಿಂಗ್ ಕೂಡ ಬಿಚ್ಚಿಕೊಳ್ಳುತ್ತದೆ. ಆಮೇಲೆ ದಿನವಿಡೀ ಪರದೆ ಬೀಗಕ್ಕೆ ಬೆರಳು. ನಿನ್ನೆಯ ಮೂರೂ ತೊಂದರೆ ಒಟ್ಟಿಗೆ ಹೋದವು. ಈ ಜೋಡಣೆ ಸಿಕ್ಕಾಗ ಆದ ಸಮಾಧಾನ ಇಡೀ ವಾರದಲ್ಲಿ ಬೇರೆ ಯಾವುದರಿಂದಲೂ ಆಗಲಿಲ್ಲ.

ದಿನ 4: ದಾಳ ಮತ್ತು ನಿಘಂಟು

ಇನ್ನು ಉದ್ದದ ಪಾಸ್‌ವರ್ಡ್. ದಾಳ ಹಾಕಿ 7776 ಪದಗಳ ಪಟ್ಟಿಯಿಂದ ಆರಿಸುವ ಪದ್ಧತಿ ಹಳೆಯದು, ಹೆಚ್ಚು ಬಳಕೆಯಲ್ಲಿರುವ ಪಟ್ಟಿಗಳು ಇಂಗ್ಲಿಷಿನಲ್ಲಿವೆ. ನನಗೆ ಕನ್ನಡ ಪದಗಳು ಬೇಕಿದ್ದವು, ಮನಸ್ಸಿನಲ್ಲಿ ಬೇಗ ನಿಲ್ಲುತ್ತವೆ. 1300ಕ್ಕಿಂತ ಹೆಚ್ಚು ಪುಟಗಳ ನಿಘಂಟು ಮನೆಯಲ್ಲಿತ್ತು. ನಾಲ್ಕು ದಾಳದಿಂದ ಪುಟ, ಐದನೆಯದರಿಂದ ಆ ಪುಟದ ಮೊದಲ ಆರು ಪದಗಳಲ್ಲಿ ಒಂದು. ಲೆಕ್ಕ ಹೀಗೆ: ಮೊದಲ ಮೂರು ದಾಳಗಳಿಂದ ಒಂದೊಂದು ಕಳೆದು ಕ್ರಮವಾಗಿ 216, 36, 6ರಿಂದ ಗುಣಿಸಿ, ಎಲ್ಲವನ್ನೂ ಕೂಡಿ, ನಾಲ್ಕನೆಯದನ್ನು ಹಾಗೇ ಸೇರಿಸಿ. 3, 5, 2, 4 ಬಿದ್ದರೆ 432, 144, 6, 4 ಸೇರಿ 586ನೇ ಪುಟ. 1296 ಪುಟ, ಆರು ಪದ, ಗುಣಿಸಿದರೆ ಸರಿಯಾಗಿ 7776. ಆರು ಪದ ಆರಿಸಿದರೆ ಸಾಧ್ಯತೆಗಳ ಸಂಖ್ಯೆ 2ರ ಮುಂದೆ 23 ಸೊನ್ನೆಗಿಂತ ಹೆಚ್ಚು.

ತಪ್ಪು ಒಂದು: ಇಷ್ಟವಾಗದ ಪದ ಬಂದರೆ ಮತ್ತೆ ದಾಳ ಹಾಕುತ್ತಾ ಹೋದೆ. ಅರ್ಧ ಗಂಟೆಯ ಮೇಲೆ ನೋಡಿದರೆ ಆರೂ ಪದಗಳು ನನ್ನ ಬಾಯಲ್ಲಿ ಸದಾ ಇರುವಂಥವೇ. ನಾನೇ ಆರಿಸಿದಂತಾಯಿತು. ಎಲ್ಲ ಬಿಟ್ಟು ಹೊಸದಾಗಿ ಹಾಕಿ, ಬಿದ್ದದ್ದನ್ನು ಒಪ್ಪಿಕೊಂಡೆ. ಒಂದು ಪದದ ಅರ್ಥವೇ ಗೊತ್ತಿರಲಿಲ್ಲ. ಈಗ ಗೊತ್ತು.

ತಪ್ಪು ಎರಡು: ಡಿಸ್ಕಿನ ಪಾಸ್‌ವರ್ಡ್ ಕೇಳುವ ಹೊತ್ತಿಗೆ ಕನ್ನಡ ಕೀಬೋರ್ಡ್ ಎದ್ದಿರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಬರೆಯಬೇಕು. ದೀರ್ಘಕ್ಕೆ ಒಂದು ಅಕ್ಷರವೋ ಎರಡೋ, ಶ ಮತ್ತು ಷ ಬೇರೆಯೋ ಒಂದೆಯೋ? ನಿಯಮ ಮಾಡಿಕೊಳ್ಳದೆ ಶುರು ಮಾಡಿ, ಪರೀಕ್ಷೆಯಲ್ಲೇ ಮೂರು ಸಲ ಸೋತೆ. ಆಮೇಲೆ ಕಾಗದದ ಮೇಲೆ ಬರೆದುಕೊಂಡೆ: ದೀರ್ಘ ಯಾವಾಗಲೂ ಎರಡು ಸಲ, ಶ-ಷ ಒಂದೇ, ಳ ಮತ್ತು ಲ ಒಂದೇ, ದೊಡ್ಡ ಅಕ್ಷರ ಎಲ್ಲೂ ಬೇಡ.

ಕ್ರಿಪ್ಟ್‌ಸೆಟಪ್‌ನಲ್ಲಿ ಹೊಸ ಕೀ ಸೇರಿಸಿ, ಅದು ತೆರೆಯುತ್ತದೆಯೇ ಎಂದು ಪರೀಕ್ಷಿಸಿ, ಒಮ್ಮೆ ರೀಬೂಟ್ ಮಾಡಿ ಹೊಸದರಿಂದಲೇ ಒಳಗೆ ಬಂದು, ಆಮೇಲೆ ಹಳೆಯ ಕೀ ತೆಗೆದೆ. ಈ ಕ್ರಮ ತಪ್ಪಿಸಬೇಡಿ. ನಾನು ತಪ್ಪಿದ್ದು ಹೆಡರ್ (ಈ ಕೀಗಳನ್ನು ಇಟ್ಟಿರುವ ಡಿಸ್ಕಿನ ಭಾಗ) ಬ್ಯಾಕಪ್ಪಿನಲ್ಲಿ. ಎಚ್ಚರಿಕೆಯಿರಲಿ ಎಂದು ಎಲ್ಲಕ್ಕಿಂತ ಮೊದಲೇ ಹೆಡರಿನ ನಕಲನ್ನು ಒಂದು ಪೆನ್‌ಡ್ರೈವಿಗೆ ಹಾಕಿದ್ದೆ. ಆ ನಕಲಿನಲ್ಲಿ ಹಳೆಯ ಎಂಟು ಅಕ್ಷರದ ಕೀ ಹಾಗೇ ಇದೆ. ಡಿಸ್ಕೂ ಆ ಪೆನ್‌ಡ್ರೈವೂ ಒಟ್ಟಿಗೆ ಕೈಗೆ ಸಿಕ್ಕವರು ಹಳೆಯ ಪಾಸ್‌ವರ್ಡಿನಿಂದಲೇ ತೆರೆಯಬಹುದು. ಹಳೆಯ ಕೀ ಹೋದ ಮೇಲೆ ಎರಡನೆಯ ಪೆನ್‌ಡ್ರೈವಿಗೆ ಹೊಸ ನಕಲು ತೆಗೆದು, ಮೊದಲನೆಯದನ್ನು ಸುತ್ತಿಗೆಯಿಂದ ಪುಡಿ ಮಾಡಿದೆ. ಪೆನ್‌ಡ್ರೈವಿನಲ್ಲಿ ಮೇಲೆ ಮೇಲೆ ಬರೆದರೂ ಹಳೆಯದು ಪೂರ್ತಿ ಅಳಿಯುತ್ತದೆ ಎಂಬ ಭರವಸೆಯಿಲ್ಲ.

ಲಾಗಿನ್‌ಗೆ ಬೇರೆ ನಾಲ್ಕು ಪದ. ಅದನ್ನು ಸುಡೋ ಹಾಕಿ ಬದಲಿಸಿದ್ದರಿಂದ ಕೀರಿಂಗ್ ಹಳೆಯದರಲ್ಲೇ ಉಳಿಯಿತು, ಅದನ್ನು ಕೈಯಿಂದ ಬದಲಿಸಬೇಕಾಯಿತು. ಸುಡೋ ಇಲ್ಲದೆ ನಮ್ಮ ಹೆಸರಿನಲ್ಲೇ ಪಾಸ್‌ವರ್ಡ್ ಬದಲಿಸಿದ್ದರೆ ಕೀರಿಂಗ್ ಜೊತೆಗೇ ಬರುತ್ತಿತ್ತು.

ದಿನ 5: ನಿದ್ದೆಯಿಂದ ಏಳದ ರೀಡರ್

ಲ್ಯಾಪ್‌ಟಾಪ್ ಮಲಗಿ ಎದ್ದರೆ ಹತ್ತರಲ್ಲಿ ನಾಲ್ಕು ಸಲ ರೀಡರ್ ಕಾಣೆ. ಎಫ್‌ಪ್ರಿಂಟ್‌ಡಿ ಸೇವೆಯನ್ನು ಮರುಚಾಲನೆ ಮಾಡಿದೆ, ಬದಲಾಗಲಿಲ್ಲ. ಫರ್ಮ್‌ವೇರ್ (ಸಾಧನದೊಳಗಿನ ತಂತ್ರಾಂಶ) ಹೊಸದು ಮಾಡುವ ಎಫ್‌ಡಬ್ಲ್ಯುಯುಪಿಡಿಯಲ್ಲಿ ನೋಡಿದರೆ ರೀಡರಿಗೆ ಹೊಸದು ಇತ್ತು, ಹಾಕಿದೆ. ಹತ್ತರಲ್ಲಿ ಎರಡಕ್ಕೆ ಇಳಿಯಿತು, ಆದರೆ ನೋಂದಣಿಯಾದ ಬೆರಳುಗಳು ಅಳಿಸಿಹೋಗಿ ಮತ್ತೆ ಕೊಡಬೇಕಾಯಿತು. ಕೊನೆಗೆ ಲಿನಕ್ಸ್‌ನಲ್ಲಿ ಸಾಧನಗಳನ್ನು ನೋಡಿಕೊಳ್ಳುವ ಯುಡೆವ್‌ಗೆ ಒಂದು ನಿಯಮ ಬರೆದು, ಆ ಗುರುತು ಸಂಖ್ಯೆಯ ಯುಎಸ್‌ಬಿ ಸಾಧನಕ್ಕೆ ವಿದ್ಯುತ್ ಉಳಿತಾಯ ಬೇಡ ಎಂದು ಹೇಳಿದೆ. ಸತತ ಹತ್ತು ಸಲ ಎದ್ದಿತು. ಬ್ಯಾಟರಿಯಲ್ಲಿ ವ್ಯತ್ಯಾಸ ಕಾಣಲಿಲ್ಲ.

ದಿನ 6: ನಾನೇ ಕಳ್ಳಿಯಾಗಿ

ಇವತ್ತು ಕಟ್ಟುವುದು ಬಿಟ್ಟು ಮುರಿಯಲು ಕೂತೆ. ತೆರೆದಿಟ್ಟ ಪರದೆಯ ಮುಂದೆ ಬೇರೆಯವರು ಕೂತು ತಮ್ಮ ಬೆರಳನ್ನು ಸೇರಿಸಬಹುದೇ? ಮಗಳಿಗೆ ಹೇಳಿದೆ, ಪ್ರಯತ್ನಿಸಿದಳು, ಪಾಸ್‌ವರ್ಡ್ ಕೇಳಿತು. ನಿಮ್ಮಲ್ಲೂ ಕೇಳುತ್ತದೆಯೇ ನೋಡಿಕೊಳ್ಳಿ.

ಎರಡನೆಯ ಪರೀಕ್ಷೆ ಅವಳದೇ ಉಪಾಯ. ಮಧ್ಯಾಹ್ನ ನಾನು ಮಲಗಿದ್ದಾಗ ಲ್ಯಾಪ್‌ಟಾಪನ್ನು ಹಾಸಿಗೆಗೇ ತಂದು, ನನ್ನ ಎಡಗೈ ತೋರುಬೆರಳನ್ನು ಮೆಲ್ಲಗೆ ಒತ್ತಿದಳು. ತೆರೆದುಕೊಂಡಿತು. ನನಗೆ ಎಚ್ಚರವಾದದ್ದು ಅವಳ ನಗುವಿಗೆ. ಇದಕ್ಕೆ ತಂತ್ರಾಂಶದಲ್ಲಿ ಪರಿಹಾರ ಹುಡುಕಲಿಲ್ಲ, ಅಭ್ಯಾಸ ಬದಲಿಸಿದೆ. ಮಲಗುವ ಮೊದಲು, ಮನೆಯಿಂದ ಹೊರಗೆ ಒಯ್ಯುವ ಮೊದಲು, ಬೀಗ ಹಾಕುವುದಲ್ಲ, ಪೂರ್ತಿ ಆಫ್. ಆನ್ ಮಾಡಿದವರಿಗೆ ಮೊದಲು ಆರು ಪದ, ಆಮೇಲೆ ನಾಲ್ಕು ಪದ. ಬೆರಳಿನ ಮಾತು ಅಲ್ಲಿ ನಡೆಯುವುದಿಲ್ಲ.

ಮೂರನೆಯದು ಬಯಾಸ್. ಎರಡನೆಯ ದಿನ ನನ್ನನ್ನು ಉಳಿಸಿದ ಲೈವ್ ಪೆನ್‌ಡ್ರೈವ್ ಬೇರೆಯವರಿಗೂ ಹಾಗೇ ತೆರೆದಿತ್ತು. 2023ರಲ್ಲಿ ಬ್ಲ್ಯಾಕ್‌ವಿಂಗ್ ಇಂಟೆಲಿಜೆನ್ಸ್ ಎಂಬ ಭದ್ರತಾ ಸಂಸ್ಥೆಯ ಸಂಶೋಧಕರು, ಮೈಕ್ರೋಸಾಫ್ಟ್‌ನ ಭದ್ರತಾ ತಂಡವೇ ಕೇಳಿಕೊಂಡ ಮೇರೆಗೆ, ಮೂರು ಲ್ಯಾಪ್‌ಟಾಪ್‌ಗಳ ವಿಂಡೋಸ್ ಹಲೋ ಬೆರಳಚ್ಚನ್ನು ದಾಟಿ ತೋರಿಸಿದರು. ಮೂರರಲ್ಲೂ ಹೋಲಿಕೆ ಚಿಪ್ಪಿನೊಳಗೇ ನಡೆಯುತ್ತಿತ್ತು. ದಾಳಿ ನಡೆದದ್ದು ಚಿಪ್ಪಿಗೂ ಕಂಪ್ಯೂಟರಿಗೂ ನಡುವಿನ ಮಾತುಕತೆಯ ಮೇಲೆ, ಅದನ್ನು ಕಾಯಬೇಕಾದ ಎಸ್‌ಡಿಸಿಪಿ ಎಂಬ ವ್ಯವಸ್ಥೆ ಎರಡರಲ್ಲಿ ಚಾಲೂ ಆಗಿರಲೇ ಇಲ್ಲ. ಒಂದು ಯಂತ್ರದಲ್ಲಿ ಅವರು ಲಿನಕ್ಸಿನಿಂದ ಬೂಟ್ ಮಾಡಿ ತಮ್ಮ ಬೆರಳನ್ನು ಚಿಪ್ಪಿಗೆ ಸೇರಿಸಿದ್ದರು. ಇದನ್ನು ಓದಿದ ಮೇಲೆ ಬಯಾಸ್‌ಗೆ ಸೂಪರ್‌ವೈಸರ್ ಪಾಸ್‌ವರ್ಡ್ ಹಾಕಿ, ಯುಎಸ್‌ಬಿ ಬೂಟ್ ನಿಲ್ಲಿಸಿದೆ. ಆ ಪಾಸ್‌ವರ್ಡ್, ಆರು ಪದಗಳು, ನನ್ನ ಕಾಗುಣಿತದ ನಿಯಮಗಳು ಕಾಗದದ ಮೇಲೆ ಬೀರುವಿನಲ್ಲಿವೆ. ಎಲ್ಲಿವೆ ಎಂದು ಮನೆಯವರಿಗೆ ಗೊತ್ತು.

ದಿನ 7: ಮನೆಯವರ ವಿಂಡೋಸ್

ಅವರದ್ದು ವಿಂಡೋಸ್ 11, ಕೆಲಸ ಮುಕ್ಕಾಲು ಗಂಟೆಯದು. ಬೆರಳು ಆಗಲೇ ಇತ್ತು, ಬೆರಳು ನಡೆಯದಾಗ ಒತ್ತುವ ಪಿನ್ ನಾಲ್ಕು ಅಂಕಿ. ಪಿನ್ ಬದಲಿಸುವಲ್ಲಿ ಅಕ್ಷರ ಮತ್ತು ಚಿಹ್ನೆ ಸೇರಿಸುವ ಚೌಕಕ್ಕೆ ಗುರುತು ಹಾಕಿದರೆ ಉದ್ದನೆಯ ಪದಗುಚ್ಛವನ್ನೇ ಪಿನ್ ಮಾಡಬಹುದು, ಹಾಗೆ ಮಾಡಿದೆವು. ಆ ಪಿನ್ ಆ ಯಂತ್ರದ ಟಿಪಿಎಂ ಎಂಬ ಭದ್ರತಾ ಚಿಪ್ಪಿಗೆ ಕಟ್ಟಿಕೊಂಡಿರುತ್ತದೆ. ವಿಂಡೋಸ್ ಟಿಪಿಎಂ 2.0ನ್ನು 32 ತಪ್ಪು ಪ್ರಯತ್ನಕ್ಕೆ ಬೀಗ ಬೀಳುವಂತೆ, ಹತ್ತು ನಿಮಿಷಕ್ಕೊಂದು ತಪ್ಪನ್ನು ಮರೆಯುವಂತೆ ಹೊಂದಿಸುತ್ತದೆ. ಡಿಸ್ಕ್ ಎನ್‌ಕ್ರಿಪ್ಷನ್ ಚಾಲೂ ಇದೆಯೇ ನೋಡಿ, ರಿಕವರಿ ಕೀಯನ್ನು ಅದೇ ಬೀರುವಿಗೆ ಸೇರಿಸಿದೆವು.

ಎರಡು ವಾರದ ನಂತರ

ಆರು ಪದ ಬೂಟ್ ಆದಾಗ ಮಾತ್ರ, ನಾಲ್ಕು ಪದ ಲಾಗಿನ್‌ಗೆ ಮತ್ತು ಆಗೊಮ್ಮೆ ಈಗೊಮ್ಮೆ ಸುಡೋಗೆ. ಮೊದಲ ಮೂರು ದಿನ ತಡವರಿಸಿದೆ, ಈಗ ಕೈಗೆ ಬಂದಿದೆ. ರೀಡರ್ ಒಂದು ಸಲ ನಿದ್ದೆಯಿಂದ ಏಳಲಿಲ್ಲ, ಆ ದಿನ ಪಾಸ್‌ವರ್ಡ್ ಒತ್ತಿ ಒಳಗೆ ಹೋದೆ. ಕಾರಣ ಇನ್ನೂ ಸಿಕ್ಕಿಲ್ಲ. ಜರ್ನಲ್ ದಾಖಲೆ ಉಳಿಸಿಕೊಂಡಿದ್ದೇನೆ, ಇನ್ನೊಂದು ಸಲ ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಮಗಳು ಈಗಲೂ ಪಕ್ಕದಲ್ಲೇ ಕೂರುತ್ತಾಳೆ. ಮೊನ್ನೆ ಕೇಳಿದೆ, ಹೊಸ ಪಾಸ್‌ವರ್ಡ್ ಗೊತ್ತಾಯಿತೇ ಎಂದು. "ಎರಡು ಪದ ಗೊತ್ತು" ಅಂದಳು. ಲಾಗಿನ್ನಿನ ನಾಲ್ಕು ಪದಗಳಿಗೆ ಇವತ್ತು ರಾತ್ರಿ ಮತ್ತೆ ದಾಳ ಹಾಕುತ್ತೇನೆ.